ಸಾಹುಕಾರರ ಕಳಶವೂ ಗುಮಾಸ್ತನ ಆಂಟೆನಾವೂ

ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಉದ್ದನೆಯ ತರಂಗಗಳನ್ನು ಹಿಡಿಯಲು ಬೀದಿಯುದ್ದದ ತಂತಿ ಬೇಕು. ಅವನ ಬಾಡಿಗೆ ಮನೆಯ ಹಿತ್ತಿಲಾದರೋ ಎರಡು ಚಾಪೆಯಗಲ. ಆದುದರಿಂದ ತಂತಿಯನ್ನು ಸುರುಳಿ ಸುತ್ತಿ, ಒಂದರೊಳಗೊಂದು ಸೇರುವ ಕೊಳವೆಗಳ ಕಂಬಕ್ಕೆ ಕಟ್ಟಿ, ಹಗ್ಗವೆಳೆದರೆ ಏರುವಂತೆ, ಸಡಿಲಿಸಿದರೆ ಇಳಿಯುವಂತೆ ಆಂಟೆನಾವೊಂದನ್ನು ರಚಿಸಿದ್ದನು.

ಒಂದು ಸಂಜೆ ಕಾರ್ಮೋಡ ಕವಿಯುತ್ತಿರಲು, ಪಕ್ಕದ ಮಹಡಿಮನೆಯಲ್ಲಿದ್ದ ಮನೆಯೊಡೆಯ ಸಾಹುಕಾರ ಗುರುಸಿದ್ದಪ್ಪನವರು ಬಂದು ಗರ್ಜಿಸಿದರು: "ಏನಯ್ಯಾ, ನನ್ನ ಮಹಡಿಯ ಕಳಶಕ್ಕಿಂತ ನಿನ್ನ ಕೋಲು ಎತ್ತರವೋ? ಈಗಲೇ ಇಳಿಸು. ಇಲ್ಲವಾದರೆ ನಾಳೆ ಮನೆ ಖಾಲಿ ಮಾಡು!"

ಗುಮಾಸ್ತನ ಹೆಂಡತಿ ತುಂಬುಗರ್ಭಿಣಿ, ಬೇರೆ ಸೂರಿಲ್ಲ. ಅವನು ಹಗ್ಗ ಸಡಿಲಿಸಿದನು. ಕಂಬ ಆಳೆತ್ತರಕ್ಕೆ ಕುಗ್ಗಿತು.

"ಇಳಿಸಿದೆ, ಸ್ವಾಮಿ. ಸಿಡಿಲು ಎತ್ತರವಾದುದನ್ನೇ ಹುಡುಕುತ್ತದಂತೆ. ಇನ್ನು ಈ ಬೀದಿಯಲ್ಲಿ ಎಲ್ಲಕ್ಕಿಂತ ಎತ್ತರ ತಮ್ಮ ತಾಮ್ರದ ಕಳಶವೇ."

ಅಷ್ಟರಲ್ಲಿ ಆಕಾಶ ಬಿರಿದಂತೆ ಗುಡುಗಿತು. ಸಾಹುಕಾರರ ಮುಖ ಬಿಳಚಿಕೊಂಡಿತು.

"ಏರಿಸಪ್ಪಾ, ಬೇಗ ಏರಿಸು!"

"ಗುಡುಗುವಾಗ ಕಂಬ ಮುಟ್ಟಲಾರೆ, ಸ್ವಾಮಿ. ನನಗೂ ಜೀವಭಯವುಂಟು."

ಮಳೆ ನಿಲ್ಲುವವರೆಗೂ ಸಾಹುಕಾರರು ತಮ್ಮ ಮಹಡಿಗೆ ಹೋಗಲೊಲ್ಲದೆ, ಗುಮಾಸ್ತನ ಅಡುಗೆಮನೆಯ ಮೂಲೆಯಲ್ಲಿ ಕಿವಿ ಮುಚ್ಚಿ ಕುಳಿತಿದ್ದರು. ಬಾನು ತಿಳಿಯಾದೊಡನೆ ಹಿತ್ತಿಲಿಗೆ ಧಾವಿಸಿ, ತಾವೇ ಹಗ್ಗ ಹಿಡಿದೆಳೆದರು. ಕಂಬ ಕಳಶವನ್ನು ದಾಟಿತು.

"ನಾಳೆ ಮನೆ ಬಿಡುವುದೋ, ಸ್ವಾಮಿ?" ಎಂದು ಗುಮಾಸ್ತನು ಅಂಜುತ್ತ ಕೇಳಿದನು.

"ನೀನು ಹೋದರೆ ಈ ಕೋಲನ್ನು ನೋಡಿಕೊಳ್ಳುವವರಾರಯ್ಯಾ?" ಎಂದರು ಸಾಹುಕಾರರು, ಏದುಸಿರು ಬಿಡುತ್ತ. "ಕೊಳವೆಯೊಳಗೆ ಇನ್ನೊಂದು ಮೊಳ ಉಳಿದಿದೆಯೋ ನೋಡು!"