ವ್ಯಾಪಾರಿ ಹತ್ತಿದ ವ್ಯಾನು

"ಬುದ್ಧಿ, ದಿನದ ಓಡಾಟದ ಗಾಡಿಗೆ ಹೆಸರಾದ ಕಂಪನಿಯ ಟೈರೇ ಬೇಕೆ? ಅಗ್ಗದ್ದು ಸಾಲದೆ?" ಎಂದು ಗುರುಶಾಂತ ಮಠದ ಗುರುಗಳನ್ನು ಕೇಳಿದ.

ಗುರುಶಾಂತ ಮಠದಲ್ಲೇ ಇದ್ದು ಓದಿದ ಶಿಷ್ಯ. ಈಗ ಮಠದ ಶಾಲೆಯ ಉಸ್ತುವಾರಿ ಅವನದು. ಸುತ್ತಲಿನ ಊರುಗಳಿಂದ ಮಕ್ಕಳನ್ನು ಕರೆತರುವ ವ್ಯಾನಿನ ಟೈರುಗಳು ಸವೆದಿದ್ದವು. ಅಗ್ಗದ್ದು ಹಾಕಿಸಿದರೆ ಉಳಿಯುವ ದುಡ್ಡಿನಲ್ಲಿ ಶಾಲೆಗೆ ಪುಸ್ತಕದ ಕಪಾಟು ತರಬಹುದು ಎಂದು ಅವನು ಯೋಚಿಸಿದ್ದ.

"ವ್ಯಾನು ದೂರ ಹೋಗುವುದಿಲ್ಲ, ಜೋರಾಗಿಯೂ ಹೋಗುವುದಿಲ್ಲ. ಬರೀ ಹೆಸರಿಗೆ ಯಾಕೆ ದುಡ್ಡು ಸುರಿಯಬೇಕು ಅಂತ," ಎಂದ.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ಊದುಬತ್ತಿ ವ್ಯಾಪಾರಿ ಇದ್ದ. ಊರಿನ ಹೊರಗೆ ಅವನ ಕಾರ್ಖಾನೆ. ಬತ್ತಿ ಹೊಸೆಯಲು ಹಳ್ಳಿಗಳಿಂದ ಹನ್ನೆರಡು ಜನ ಹೆಂಗಸರು ಬರುತ್ತಿದ್ದರು. ಅವರನ್ನು ಕರೆತಂದು ಬಿಡಲು ಒಂದು ವ್ಯಾನು ಇಟ್ಟಿದ್ದ. ತನ್ನ ಓಡಾಟಕ್ಕೆ ಒಂದು ಕಾರು ಇಟ್ಟುಕೊಂಡಿದ್ದ. ವ್ಯಾಪಾರಿ ಕೆಟ್ಟವನೇನಲ್ಲ. ಗೌರಿ ಹಬ್ಬಕ್ಕೆ ಎಲ್ಲರಿಗೂ ಸೀರೆ ಕೊಡುತ್ತಿದ್ದ. ಯಾರಿಗಾದರೂ ಹುಷಾರಿಲ್ಲವೆಂದರೆ ಕೂಲಿ ಹಿಡಿಯದೆ ಮನೆಗೆ ಕಳಿಸುತ್ತಿದ್ದ.

ಒಂದು ವರ್ಷ ಎರಡೂ ಗಾಡಿಗಳ ಟೈರು ಒಟ್ಟಿಗೆ ಸವೆದವು. ವ್ಯಾಪಾರಿ ಟೈರಿನ ಅಂಗಡಿಗೆ ಹೋದ.

"ಕಾರಿಗೆ ಹೆಸರಾದ ಕಂಪನಿಯದೇ ಹಾಕಿ. ಮನೆಯವರು ಕೂತು ಹೆದ್ದಾರಿಯಲ್ಲಿ ಹೋಗುವ ಗಾಡಿ. ವ್ಯಾನಿಗೆ ಅಗ್ಗದ್ದು ಸಾಕು. ದಿನಾ ಅದೇ ನಾಲ್ಕು ಹಳ್ಳಿ, ಅದೇ ರಸ್ತೆ," ಎಂದ.

ಅಂಗಡಿಯವನು ನೇರ ಮಾತಿನ ಮನುಷ್ಯ. "ಅಗ್ಗದ್ದೂ ಕೆಟ್ಟದ್ದಲ್ಲ ಸ್ವಾಮಿ. ಒಣ ರಸ್ತೆಯಲ್ಲಿ ನಿಮಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮಳೆಯಲ್ಲಿ ಬ್ರೇಕು ಹಾಕಿದರೆ ಮಾತ್ರ ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ," ಎಂದ.

"ನಾಲ್ಕು ಮಾರು ತಾನೆ," ಎಂದ ವ್ಯಾಪಾರಿ.

ಒಂದು ವರ್ಷ ಕಳೆಯಿತು. ಏನೂ ಆಗಲಿಲ್ಲ. ವ್ಯಾನು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಹೋಗುತ್ತಿತ್ತು. ಟೈರಿನ ವಿಷಯ ವ್ಯಾಪಾರಿಗೆ ಮರೆತೇ ಹೋಯಿತು.

ಮಳೆಗಾಲದ ಒಂದು ಬೆಳಿಗ್ಗೆ ಅವನ ಕಾರು ಹೊರಡಲಿಲ್ಲ. ಮೆಕ್ಯಾನಿಕ್ ಬಂದು ಎಳೆದುಕೊಂಡು ಹೋದ. ಕಾರ್ಖಾನೆಯಲ್ಲಿ ಸರಕು ತುಂಬಿಸುವ ಕೆಲಸವಿತ್ತು. ವ್ಯಾನು ಮನೆಯ ಮುಂದೆಯೇ ಹಾದು ಹೋಗುವುದರಿಂದ ವ್ಯಾಪಾರಿ ಅದನ್ನು ನಿಲ್ಲಿಸಿ ಹತ್ತಿದ. ಅದನ್ನು ಕೊಂಡಮೇಲೆ ಅವನು ಅದರಲ್ಲಿ ಕೂತದ್ದು ಅದೇ ಮೊದಲು. ಹೆಂಗಸರು ಮಾತು ನಿಲ್ಲಿಸಿ, ಸರಿದು ಜಾಗ ಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಅವರ ಮಾತು ಶುರುವಾಯಿತು. ಯಾರದೋ ಮಗಳ ಬಾಣಂತನದ ಮಾತು.

ರೈಲ್ವೆ ಗೇಟಿಗೆ ಮೊದಲು ಒಂದು ಇಳಿಜಾರಿದೆ. ಅಲ್ಲಿಗೆ ಬರುತ್ತಿದ್ದ ಹಾಗೆ ವ್ಯಾನಿನೊಳಗೆ ಮಾತು ನಿಂತಿತು. ವ್ಯಾಪಾರಿ ತಲೆ ಎತ್ತಿ ನೋಡಿದ. ಹನ್ನೆರಡು ಹೆಂಗಸರೂ ಸೀಟಿನ ಕಂಬಿ ಹಿಡಿದಿದ್ದರು. ಹಿಡಿದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬಳು ಬಸುರಿಯಿದ್ದಳು. ಪಕ್ಕದವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಅವಳ ಹೊಟ್ಟೆಗೆ ಅಡ್ಡ ಇಟ್ಟಿದ್ದಳು.

ಗೇಟು ಹಾಕಿತ್ತು. ಅದು ಇನ್ನೂ ದೂರದಲ್ಲಿರುವಾಗಲೇ ಡ್ರೈವರು ಬ್ರೇಕು ಒತ್ತಿದ. ವ್ಯಾನು ನಿಲ್ಲಲಿಲ್ಲ. ಮೆಲ್ಲಗೆ, ಯಾರ ಮಾತನ್ನೂ ಕೇಳದ ದನದ ಹಾಗೆ, ಮುಂದೆ ಜಾರುತ್ತಾ ಹೋಯಿತು. ವ್ಯಾಪಾರಿಯ ಕೈ ತಾನಾಗಿ ಕಂಬಿಗೆ ಹೋಯಿತು. ಗೇಟಿಗೆ ಒಂದು ಮೊಳವಿರುವಾಗ ವ್ಯಾನು ನಿಂತಿತು.

ಹೆಂಗಸರು ಕೈ ಬಿಟ್ಟರು. ಬಾಣಂತನದ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು.

ವ್ಯಾಪಾರಿ ಇನ್ನೂ ಕಂಬಿ ಹಿಡಿದೇ ಇದ್ದ. "ಯಾವಾಗಲೂ ಹೀಗೇನಾ?" ಎಂದು ಡ್ರೈವರನ್ನು ಕೇಳಿದ.

"ಮಳೆ ಬಂದಾಗ ಹೀಗೇ ಯಜಮಾನ್ರೇ. ಅದಕ್ಕೇ ನಾನು ದೂರದಿಂದಲೇ ಬ್ರೇಕು ಹಾಕ್ತೀನಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಏನೂ ಆಗಿಲ್ಲವಲ್ಲ," ಎಂದ ಡ್ರೈವರು.

ಆ ದಿನ ವ್ಯಾಪಾರಿ ಏನೂ ಮಾಡಲಿಲ್ಲ. ಸರಕು ತುಂಬಿಸಿದ, ಮನೆಗೆ ಹೋದ. ಡ್ರೈವರು ಹೇಗೂ ಜಾಣ, ಅಭ್ಯಾಸವಾದ ರಸ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೂರನೆಯ ದಿನ ಕಾರು ರಿಪೇರಿಯಾಗಿ ಬಂತು. ಮಳೆ ಇನ್ನೂ ಬಿಟ್ಟಿರಲಿಲ್ಲ. ಅವನು ಕಾರಿನಲ್ಲಿ ಅದೇ ಇಳಿಜಾರು ಇಳಿದ. ಗೇಟು ಹಾಕಿತ್ತು. ಬ್ರೇಕು ಒತ್ತಿದ. ಎಲ್ಲಿ ನಿಲ್ಲಬೇಕು ಅಂದುಕೊಂಡಿದ್ದನೋ ಅಲ್ಲಿ ಕಾರು ನಿಂತಿತು. ದಿನವೂ ಹಾಗೆಯೇ ನಿಲ್ಲುತ್ತಿತ್ತು. ಅವನು ಅದನ್ನು ಯಾವತ್ತೂ ಗಮನಿಸಿರಲಿಲ್ಲ. ಗೇಟು ತೆರೆದರೂ ಅವನು ಕಾರು ಮುಂದೆ ಬಿಡಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಮಾಡಿದ. ವ್ಯಾಪಾರಿ ಕಾರು ತಿರುಗಿಸಿ ಟೈರಿನ ಅಂಗಡಿಗೆ ಹೋದ.

"ವ್ಯಾನಿಗೂ ಕಾರಿಗೆ ಹಾಕಿದ ಕಂಪನಿಯದನ್ನೇ ಹಾಕಿ," ಎಂದ.

"ಅವು ಇನ್ನೂ ಅರ್ಧವೂ ಸವೆದಿರಲಾರವು. ಏನಾದರೂ ಆಯಿತೇ?" ಎಂದು ಅಂಗಡಿಯವನು ಕೇಳಿದ.

"ಏನೂ ಆಗಿಲ್ಲ," ಎಂದ ವ್ಯಾಪಾರಿ.

ಟೈರು ಬದಲಾದದ್ದನ್ನು ಹೆಂಗಸರಿಗೆ ಯಾರೂ ಹೇಳಲಿಲ್ಲ. ಆಮೇಲೂ ಬಹಳ ದಿನ ಇಳಿಜಾರು ಬಂದಾಗ ಅವರು ಕಂಬಿ ಹಿಡಿಯುತ್ತಿದ್ದರು. ಬರಬರುತ್ತಾ ಒಬ್ಬೊಬ್ಬರೇ ಬಿಟ್ಟರು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಇಳಿಜಾರಿನಲ್ಲಿ ಮಾತು ನಿಲ್ಲುವುದೂ ತಪ್ಪಿತು.

ಗುರುಗಳು ಕತೆ ಮುಗಿಸಿದರು. ಗುರುಶಾಂತನಿಗೆ ಸಮಾಧಾನವಾಯಿತು. ಅವನು ಎದ್ದು ನಿಂತು ಕೈಮುಗಿದ.

"ಅರ್ಥವಾಯಿತು ಬುದ್ಧಿ. ಇವತ್ತೇ ಹೋಗಿ ಹೆಸರಾದ ಕಂಪನಿಯ ಟೈರು ಹಾಕಿಸುತ್ತೇನೆ," ಎಂದ.

"ಅದಿರಲಿ," ಎಂದರು ಗುರುಗಳು, "ನೀನು ಆ ವ್ಯಾನು ಹತ್ತಿ ಎಷ್ಟು ದಿನವಾಯಿತು?"