ಕಾಲು ತೊಳೆಯುವ ಕಲ್ಲು

"ಅಪ್ಪಾರ, ನಾ ಮಠಕ್ಕ ಬಂದದ್ದು ದೇವರ ಸಲುವಾಗಿ ಅಲ್ಲ, ರೊಟ್ಟಿ ಸಲುವಾಗಿ. ಹಿಂಗ ಬಂದಾಂವ ನಿಮ್ಮ ಕೈಯಿಂದ ದೀಕ್ಷಾ ತಗೋಬಹುದೇನ್ರಿ?"

ಹೀಗೆ ಕೇಳಿದವನು ಚನ್ನವೀರ. ಮಠದ ಬಾಗಿಲಲ್ಲಿ ನಿಂತು, ಪ್ರಸಾದಕ್ಕೆ ಬರುವವರ ಕಾಲಿಗೆ ನೀರು ಹಾಕುವುದು ಅವನ ಕೆಲಸ. ಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಮರುದಿನ ಅವನಿಗೆ ದೀಕ್ಷೆ ಎಂದು ಗುರುಗಳು ಹೇಳಿಕಳುಹಿಸಿದ್ದರು. ಅವನು ಬಟ್ಟೆಯ ಗಂಟು ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ.

"ನೀರು ಹಾಕೋ ಮುಂದನೂ ನನ್ನ ಕಿವಿ ಊಟದ ಗಂಟಿ ಕಡೀಗೇ ಇರತೈತಿ. ಇದು ಉಂಡ ಮನಿ ಜಂತಿ ಎಣಿಸಿದಂಗ ಅಲ್ಲೇನ್ರಿ?"

ಗುರುಗಳು ನಕ್ಕರು. "ಈ ಮಠಕ್ಕ ಇರೋದ ಒಂಬತ್ತು ಜಂತಿ. ಮೂರು ವರ್ಷದಾಗ ಎಣಿಸಿ ಮುಗಿಸಿರಬೇಕು ನೀ. ಕೂಡು. ಒಂದು ಕತಿ ಕೇಳಿ ಹೋಗುವಂತಿ."

ಅವರು ಹೇಳಿದ ಕತೆ ಇದು.

ಒಂದು ಮರುಭೂಮಿ. ಒಂಟೆ ಕಾಯುವವನೊಬ್ಬ ಅಲ್ಲಿ ನೀರಿಗಾಗಿ ಬಾವಿ ತೋಡಿದ. ನೀರಿಗಿಂತ ಮೊದಲು ಚಿನ್ನ ಬಂತು. ಪಾಪ, ಅವನಿಗೆ ಬೇಕಾಗಿದ್ದದ್ದು ನೀರು. ಸುದ್ದಿ ಕೇಳಿ ಒಬ್ಬ ಧನಿಕ ಬಂದು ನೆಲವನ್ನು ಕೊಂಡ. ಬಾವಿ ಗಣಿಯಾಯಿತು. ಇನ್ನೂ ಆಳಕ್ಕೆ ಹೋದಾಗ ನೀರೂ ಸಿಕ್ಕಿತು. ಸ್ವಲ್ಪ ಉಪ್ಪು, ಆದರೂ ಕುಡಿಯಬಹುದು. ಗಣಿಯ ಸುತ್ತ ಒಂದು ಊರೇ ಎದ್ದಿತು.

ಗಣಿಯಿಂದ ಹತ್ತಿ ಬರುವವರ ಕಾಲಿಗೆ ಚಿನ್ನದ ಪುಡಿ ಅಂಟಿರುತ್ತಿತ್ತು. ಅದೂ ಹೊರಗೆ ಹೋಗಬಾರದೆಂದು ಧನಿಕ ಬಾಗಿಲಲ್ಲಿ ಒಂದು ಕಲ್ಲಿನ ತೊಟ್ಟಿ ಇಡಿಸಿದ. ಕಾಲು ತೊಳೆಯಲು ಒಬ್ಬ ಆಳನ್ನು ನೇಮಿಸಿದ. ತೊಟ್ಟಿಯ ತಳದ ಕೆಸರನ್ನು ಸೋಸಿ ಚಿನ್ನ ತೆಗೆಯುತ್ತಿದ್ದರು. ನಮ್ಮಲ್ಲಿ ಬಂದವರ ಕಾಲಿಗೆ ನೀರು ಕೊಡುವುದು ಮರ್ಯಾದೆ. ಅಲ್ಲಿ ಹೋಗುವವರ ಕಾಲಿಗೆ ನೀರು ಹಾಕುವುದು ಅನುಮಾನ.

ಆಳು ಕೂಲಿಗಾಗಿ ಬಂದವನು. ಬೆರಳ ಸಂದಿ, ಉಗುರಿನ ಅಡಿ, ಹಿಮ್ಮಡಿಯ ಬಿರುಕು ಎಲ್ಲವನ್ನೂ ತಡಕುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕದ್ದವನಿಗೆ ಅಲ್ಲಿ ಒಂದೇ ಶಿಕ್ಷೆ. ನೀರಿನ ಚೀಲ ಕಿತ್ತುಕೊಂಡು ಮರಳಿಗೆ ಅಟ್ಟುವುದು. ಮುಂದಿನ ಬಾವಿ ಎರಡು ದಿನದ ದಾರಿ. ಹಾಗೆ ಹೋದವರು ಯಾರೂ ಅದನ್ನು ಮುಟ್ಟಿರಲಿಲ್ಲ.

ಒಂದು ಸಂಜೆ ಒಬ್ಬ ಕೂಲಿಯವನ ಹಿಮ್ಮಡಿಯಲ್ಲಿ ಆಳವಾದ ಬಿರುಕು ಕಂಡಿತು. ಅದರ ಅಂಚು ತೀರ ನೇರವಾಗಿತ್ತು. ಚಾಕುವಿನಿಂದ ತಾನೇ ಕುಯ್ದುಕೊಂಡದ್ದು. ಒಳಗೆ ಜೋಳದ ಕಾಳಿನಷ್ಟು ಚಿನ್ನ. ಮೇಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೂಲಿಯವನು ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

ಆಳು ಮೊದಲ ಸಲ ತಲೆಯೆತ್ತಿ ಮುಖ ನೋಡಿದ. ನೋಡಬಾರದಿತ್ತು. ಮುಖ ನೋಡಿದ ಮೇಲೆ ಕಾಲು ಬರೀ ಕಾಲಾಗಿ ಉಳಿಯುವುದಿಲ್ಲ.

ಅವನು ಉಗುರಿನಿಂದ ಕಾಳನ್ನು ಮೀಟಿ ತೊಟ್ಟಿಗೆ ಬೀಳಿಸಿದ. ಧನಿಕನದು ಧನಿಕನಿಗೆ ಸೇರಿತು. ಆಮೇಲೆ ತನ್ನ ರುಮಾಲಿನ ಅಂಚು ಹರಿದು ಗಾಯಕ್ಕೆ ಕಟ್ಟಿದ.

"ಏನಾತಲೇ?" ಎಂದು ಮೇಸ್ತ್ರಿ ಕೂಗಿದ.

"ಹಿಮ್ಮಡಿ ಒಡದೈತ್ರಿ. ಭಾಳ ಆಳ ಒಡದೈತಿ."

ಅದು ಸುಳ್ಳೇನೂ ಅಲ್ಲ.

ಆವತ್ತಿನಿಂದ ಅವನ ಕಣ್ಣು ಕೆಟ್ಟಿತು ಅನ್ನು. ಚಿನ್ನಕ್ಕಿಂತ ಮೊದಲು ಗಾಯ ಕಾಣತೊಡಗಿತು. ದೀಪಕ್ಕೆಂದು ತನಗೆ ಕೊಟ್ಟ ಹರಳೆಣ್ಣೆಯಲ್ಲಿ ಅರ್ಧ ಉಳಿಸಿ, ಒಡೆದ ಕಾಲುಗಳಿಗೆ ಸವರುತ್ತಿದ್ದ. ಅಲ್ಲಿಯವರೆಗೆ ಒದೆಯುವಂತೆ ಕಾಲು ಚಾಚುತ್ತಿದ್ದ ಜನ ತೊಟ್ಟಿಯ ಕಲ್ಲಿನ ಅಂಚಿನ ಮೇಲೆ ಕೂತು, ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ದಿನವಿಡೀ ಬಂಡೆ ಒಡೆದವರಿಗೆ ಅಷ್ಟೇ ಸುಖ.

ಕೊನೆಗೊಮ್ಮೆ ಚಿನ್ನ ಮುಗಿಯಿತು. ಧನಿಕ ಹೋದ, ಮೇಸ್ತ್ರಿ ಹೋದ, ಯಂತ್ರಗಳೂ ಹೋದವು. ತೊಟ್ಟಿಯ ಕೆಸರನ್ನೂ ಬಿಡದೆ ಬಳಿದುಕೊಂಡು ಹೋದರು. ತೊಟ್ಟಿ ಭಾರವಾಗಿತ್ತು, ಅದನ್ನು ಬಿಟ್ಟರು. ಜನ ಚದುರಿದರು. ಆಳು ಮಾತ್ರ ಹೋಗಲಿಲ್ಲ. ಗಣಿಯ ತಳದಲ್ಲಿ ನೀರಿತ್ತು. ಆ ದಾರಿಯಲ್ಲಿ ಉಪ್ಪು ಮಾರುವವರು, ಒಂಟೆ ಹೊಡೆಯುವವರು ಬರುತ್ತಿದ್ದರು. ಅವರನ್ನು ಕಲ್ಲಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಕಾಲು ತೊಳೆಯುತ್ತಿದ್ದ.

ಒಬ್ಬ ಉಪ್ಪಿನ ವ್ಯಾಪಾರಿ ಅವನನ್ನು ಕೆಣಕಿದ. "ಗಣಿ ಮುಚ್ಚಿ ಇಪ್ಪತ್ತು ವರ್ಷ ಆತು. ಇನ್ನೂ ಮಂದಿ ಕಾಲಾಗ ಚಿನ್ನ ಹುಡಕತಿಯೇನೋ ಮುದುಕಾ?"

"ಕೂಲಿ ಸಲುವಾಗಿ ಹಿಡದ ಕಾಲು, ಯಪ್ಪಾ. ಹಿಡದ ಮ್ಯಾಲೆ ಬಿಡಾಕ ಆಗಲಿಲ್ಲ," ಎಂದ ಆಳು, ಎಣ್ಣೆ ಸವರುತ್ತಾ.

ಈಗ ಅವನಿಲ್ಲ. ಗಣಿಯ ಬಾಯಿಗೆ ಮರಳು ತುಂಬಿದೆ. ಅಲ್ಲಿ ಚಿನ್ನವಿತ್ತೆಂದು ಆ ದಾರಿಯಲ್ಲಿ ಹೋಗುವವರಿಗೆ ಗೊತ್ತೂ ಇಲ್ಲ. ಆ ಜಾಗಕ್ಕೆ ಅವರು ಕಾಲು ತೊಳೆಯುವ ಕಲ್ಲು ಎನ್ನುತ್ತಾರೆ.

ಗುರುಗಳು ಕತೆ ಮುಗಿಸಿದರು. ಚನ್ನವೀರ ಕಣ್ಣೊರೆಸಿಕೊಂಡ. ಆದರೂ ಗಂಟನ್ನು ಎತ್ತಿಕೊಂಡು ಎದ್ದ.

"ಅಂವ ದೊಡ್ಡಾಂವ್ರಿ, ಅಪ್ಪಾರ. ನನಗ ಇನ್ನೂ ಹಸಿವಿನ ಚಿಂತಿ. ನಾ ಬರತೇನ್ರಿ."

ಗುರುಗಳು ಬೇಡ ಎನ್ನಲಿಲ್ಲ. ಅವನ ಹಿಂದೆಯೇ ಬಾಗಿಲಿಗೆ ನಡೆದರು. ಅವನು ದಿನವೂ ಹಿಡಿಯುತ್ತಿದ್ದ ಚೆಂಬಿಗೆ ತಾವೇ ನೀರು ತುಂಬಿದರು. ಹೊಸ್ತಿಲ ಬಳಿ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೇಳಿದರು:

"ಮೂರು ವರ್ಷ ಎಲ್ಲಾರ ಕಾಲಿಗೂ ನೀರು ಹಾಕಿದಿ, ನೀ ಹಸದು ಬಂದ ದಿನ ನಿನ್ನ ಕಾಲಿಗೆ ಯಾರೂ ಹಾಕಲಿಲ್ಲ, ಇತ್ತ ಚಾಚು."