ಕೊನೆಯ ಲೋಟದ ಚಹಾ

“ಅಜ್ಜಾರ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವನು ನಾನು. ತಳದಲ್ಲಿ ಉಳಿದದ್ದೇ ನನ್ನ ಪಾಲು. ನನ್ನ ಈ ತ್ಯಾಗ ಶಿವನ ಕಣ್ಣಿಗೆ ಬಿದ್ದೀತೆ?”

ಹೀಗೆ ಕೇಳಿದವನು ಮಠದ ದಾಸೋಹದಲ್ಲಿ ಬಡಿಸುವ ಗುರುಶಾಂತ. ಅಜ್ಜಾರು ಎಂದರೆ ಮಠದ ಗುರುಗಳು. ಅವರು ನಕ್ಕು, ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿ ದಿನವೂ ಬೆಳಿಗ್ಗೆ ಶುಂಠಿ, ಏಲಕ್ಕಿ, ಮೆಣಸು ಕುಟ್ಟಿ ಹಾಕಿ ಮನೆಮಂದಿಗೆಲ್ಲ ಚಹಾ ಕಾಸುತ್ತಿದ್ದಳು. ತಂಬಿಗೆಗೆ ಸೋಸಿ, ಗಂಡನಿಗೆ, ಮಕ್ಕಳಿಗೆ, ಬಂದವರಿಗೆ ಬಗ್ಗಿಸಿ, ತಳದಲ್ಲಿ ಉಳಿದದ್ದನ್ನು ತಾನು ಕುಡಿಯುತ್ತಿದ್ದಳು.

ಮನೆಗೆ ಹೊಸದಾಗಿ ಬಂದ ಸೊಸೆ ಇದನ್ನು ನೋಡಿದಳು. ಅವಳ ಕರುಳು ಚುರುಕ್ಕೆಂದಿತು. ಮರುದಿನ ತಾನೇ ಚಹಾ ಕಾಸಿ, ತಂಬಿಗೆ ಹಿಡಿದು, “ಅತ್ತೀ, ಇನ್ನು ಮ್ಯಾಲೆ ಮೊದಲ ಲೋಟ ನಿಮಗ” ಎಂದಳು. ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಸೊಸೆಯ ಮುಖ ನೋಡಿದಳು. ಲೋಟ ಇಸಿದುಕೊಂಡು ಕುಡಿದಳು.

ಸೊಸೆಗೆ ಚಹಾ ಕುಡಿಯುವ ರೂಢಿಯಿರಲಿಲ್ಲ. ಎಲ್ಲರಿಗೂ ಕೊಟ್ಟು, ತಳದ್ದನ್ನು ಬಚ್ಚಲಿಗೆ ಚೆಲ್ಲಿ ತಂಬಿಗೆ ತೊಳೆದಿಡುತ್ತಿದ್ದಳು. ಮಾವ ಮಾತ್ರ ಮಗ್ಗದ ಗುಂಡಿಯಿಂದಲೇ, “ನಮ್ಮ ಬಚ್ಚಲಿಗೆ ಈಗ ರಾಜಯೋಗ ಬಂತು ನೋಡು” ಎಂದು ಹೆಂಡತಿಯನ್ನು ಕಾಡುತ್ತಿದ್ದ. ಅವಳು ಸುಮ್ಮನಿರು ಎಂದು ಕಣ್ಣು ಬಿಡುತ್ತಿದ್ದಳು.

ಬರಬರುತ್ತ ಅತ್ತೆಯ ಲೋಟದಲ್ಲಿ ಅರ್ಧ ಚಹಾ ಉಳಿಯತೊಡಗಿತು. ನನ್ನ ಕೈ ಚಹಾ ಅತ್ತೆಗೆ ಸೇರುತ್ತಿಲ್ಲ, ನಾನೂ ಸೇರುತ್ತಿಲ್ಲವೇನೋ ಎಂದು ಸೊಸೆ ಒಳಗೊಳಗೇ ನೊಂದಳು.

ಒಂದು ಬೆಳಿಗ್ಗೆ ಅವಳಿಗೆ ನೆಗಡಿ. ಗಂಟಲಿಗೆ ಬಿಸಿ ತಾಗಲೆಂದು ತಳದ್ದನ್ನು ಚೆಲ್ಲದೆ ಕುಡಿದಳು. ಒಂದು ಗುಟುಕಿಗೇ ಕಣ್ಣು ತುಂಬಿದವು. ಶುಂಠಿಯ ಖಾರ, ಏಲಕ್ಕಿಯ ಘಮ, ಎಲ್ಲವೂ ತಳಕ್ಕಿಳಿದು ಅಲ್ಲೇ ಕುಳಿತಿತ್ತು.

ತಂಬಿಗೆ ಹಿಡಿದೇ ಓಡಿದಳು. “ಅತ್ತೀ, ಇಷ್ಟು ದಿನ ಸಪ್ಪನ ಚಹಾ ಕುಡಿದಿರಲ್ಲ! ಒಂದು ಮಾತು ಅನ್ನಬಾರದಿತ್ತೇನ್ರೀ?”

“ಹುಚ್ಚಿ, ಅಷ್ಟು ಅಕ್ಕರೆಯಿಂದ ಮೊದಲು ನನಗ ತಂದು ಕೊಡ್ತಿದ್ದಿ. ಬ್ಯಾಡ ಅನ್ನಾಕ ನಾಲಿಗೆ ಏಳಲಿಲ್ಲ. ಒಬ್ಬಾಕಿನೇ ಕುಡೀಬ್ಯಾಡ, ಬಾ ಇಲ್ಲೆ.”

ತಂಬಿಗೆಯಲ್ಲಿ ಉಳಿದಷ್ಟನ್ನು ಇಬ್ಬರೂ ಹಂಚಿಕೊಂಡು ಕುಡಿದರು. ಮುಂದೆ ದಿನವೂ ಹಾಗೆಯೇ ಕುಡಿದರು.

ಕತೆ ಮುಗಿಯಿತು. ಗುರುಶಾಂತ ಇನ್ನೂ ಕಾಯುತ್ತಿದ್ದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ಶಿವ ತಳದಲ್ಲಿ ಇಟ್ಟದ್ದನ್ನು ನೀನು ಇಷ್ಟು ದಿನ ರುಚಿ ನೋಡಿ ಉಂಡೆಯೋ, ತ್ಯಾಗವೆಂದು ನುಂಗಿದೆಯೋ, ಮಗನೇ?”